ಅಂಗಡಿಯಲ್ಲಿ ಬರುವ ಲೆಕ್ಕ ಶಾಲೆಯಲ್ಲೇಕೆ ಬರುವುದಿಲ್ಲ?

ಹತ್ತನೇ ಇಯತ್ತೆಯ ಫಲಿತಾಂಶ ಬಂದ ದಿನ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಶಾಲೆಗಳಿಂದ ನಮಗೆ ಬರುವ ಸುದ್ದಿ ಒಂದೇ ನಮೂನೆ. ಶಾಲೆಗೆ ಪ್ರಥಮ ಬಂದವರ ಫೋಟೋ, ಶೇಕಡಾವಾರು ಫಲಿತಾಂಶ, ಸಂಸ್ಥೆಯ ಅಧ್ಯಕ್ಷರ ಅಭಿನಂದನೆ. ನಪಾಸಾದವರ ಸುದ್ದಿ ಯಾರೂ ಕಳಿಸುವುದಿಲ್ಲ, ಅವರ ಹೆಸರು ಕಳಿಸಲೂಬಾರದು. ಆದರೆ ಯಾವ ವಿಷಯದಲ್ಲಿ ಹೋಯಿತು ಎಂದು ಕೇಳಿದರೆ ಮಾಸ್ತರುಗಳು ಹೇಳುವ ಉತ್ತರ ಬಹಳ ಸಲ ಒಂದೇ. ಗಣಿತ.

ಹಾಗೆ ನಪಾಸಾದವರು ಪುರವಣಿ ಪರೀಕ್ಷೆಗೆ ಕೂಡಬಹುದು, ಒಂದೆರಡು ವಿಷಯ ಉಳಿದಿದ್ದರೆ ಎ.ಟಿ.ಕೆ.ಟಿ. ಮೇಲೆ ಹನ್ನೊಂದನೆಗೆ ಹೋಗಬಹುದು. ಇದು ಕಾಗದದ ಮೇಲಿನ ಮಾತು. ಊರಲ್ಲಿ ನಡೆಯುವುದು ಬೇರೆ. ಹುಡುಗನಾದರೆ ದ್ರಾಕ್ಷಿ ತೋಟದ ಕೆಲಸಕ್ಕೆ, ಇಲ್ಲವೇ ಅಪ್ಪನ ಜೊತೆ ಕಬ್ಬಿನ ಟೋಳಿಗೆ. ಹುಡುಗಿಯಾದರೆ ಮನೆಯಲ್ಲಿ ವರ ನೋಡುವ ಮಾತು ಶುರು. ‘ಹೆಂಗೂ ಫೇಲ್ ಆಗ್ಯಾಳ, ಇನ್ನ ಸಾಲಿಗಿ ಕಳಿಸಿ ಏನ ಮಾಡೂದೈತಿ’ ಎಂದು ಅಜ್ಜಿ ಅಂದರೆ ಮುಗಿಯಿತು. ಭಾಷೆ, ಇತಿಹಾಸ, ವಿಜ್ಞಾನ ಎಲ್ಲ ಪಾಸಾಗಿ ಗಣಿತ ಒಂದೇ ಉಳಿದ ಹುಡುಗಿಗೂ ಇದೇ ಗತಿ. ಆದ್ದರಿಂದ ಗಣಿತ ಎಂಬುದು ನಮ್ಮ ಭಾಗದಲ್ಲಿ ಬರೀ ಒಂದು ವಿಷಯವಲ್ಲ, ಊರಿಗೂ ಕಾಲೇಜಿಗೂ ನಡುವೆ ಇರುವ ಗೇಟು.

ಈ ಗೇಟಿನ ಎದುರು ನಿಂತ ಮಕ್ಕಳ ಬಗ್ಗೆ ಎಲ್ಲರೂ ಹೇಳುವ ಮಾತೊಂದಿದೆ. ‘ನಮ್ಮ ಹುಡುಗಗ ಲೆಕ್ಕ ತಲಿಗಿ ಹತ್ತೂದಿಲ್ಲ ನೋಡ್ರಿ.’ ತಾಯಂದಿರು ಹೇಳುತ್ತಾರೆ, ಮಾಸ್ತರೂ ಹೇಳುತ್ತಾರೆ, ಕೊನೆಗೆ ಹುಡುಗನೇ ಹೇಳತೊಡಗುತ್ತಾನೆ. ನಾನು ಬಿ.ಕಾಂ. ಓದಿದವನು. ಬೆಳಗ್ಗೆ ಅಂಗಡಿಗಳ ಲೆಕ್ಕ ಬರೆದು ಮಧ್ಯಾಹ್ನ ಸುದ್ದಿ ಕಳಿಸುವವನು. ಶಿಕ್ಷಣತಜ್ಞ ಅಲ್ಲ. ಆದರೂ ಈ ಮಾತನ್ನು ನಾನು ಒಪ್ಪುವುದಿಲ್ಲ. ಏಕೆಂದರೆ ಇದೇ ಮಕ್ಕಳು ಲೆಕ್ಕ ಮಾಡುವುದನ್ನು ನಾನು ದಿನಾ ನೋಡುತ್ತೇನೆ, ಶಾಲೆಯ ಹೊರಗೆ.

ಉಮದಿ ಕಡೆಯ ಒಂದು ಕಿರಾಣಿ ಅಂಗಡಿ. ಗಲ್ಲೆಯ ಮೇಲೆ ಏಳನೇ ಇಯತ್ತೆಯ ಹುಡುಗ ಕೂತಿದ್ದ. ನನ್ನ ಸಾಮಾನು 168 ರೂಪಾಯಿ ಆಯಿತು, 500ರ ನೋಟು ಕೊಟ್ಟೆ. ಹುಡುಗ ಕಾಗದ ಮುಟ್ಟಲಿಲ್ಲ. ಎರಡು ರೂಪಾಯಿ ಇಟ್ಟು ‘ನೂರಾ ಎಪ್ಪತ್ತು’ ಅಂದ, ಮೂವತ್ತು ಇಟ್ಟು ‘ಇನ್ನೂರು’ ಅಂದ, ನೂರರ ಮೂರು ನೋಟು ಇಟ್ಟು ‘ಐನೂರು’ ಅಂದ. 332 ರೂಪಾಯಿ ಬರೋಬ್ಬರಿ. ಅದೇ ಲೆಕ್ಕವನ್ನು ಅವನ ವಹಿಯಲ್ಲಿ ಒಂದರ ಕೆಳಗೊಂದು ಬರೆದು ಕಳೆಯಲು ಹೇಳಿದೆ. ಉತ್ತರ ಬರೆದ: 468.

‘ಇಷ್ಟ ರೊಕ್ಕ ವಾಪಸ್ ಕೊಟ್ಟರ ನಿಮ್ಮಪ್ಪ ಸುಮ್ಮ ಬಿಡತಾನೇನೋ ತಮ್ಮಾ?’ ಅಂತ ಕೇಳಿದೆ.

‘ಅದು ಅಂಗಡ್ಯಾಂದು ರೀ ಕಾಕಾ, ಇದು ಸಾಲ್ಯಾಂದು,’ ಅಂದ.

ಈ 468 ಎಲ್ಲಿಂದ ಬಂತು ನೋಡಿ. ಸೊನ್ನೆಯಿಂದ ಎಂಟು ಹೋಗುವುದಿಲ್ಲ, ಆದ್ದರಿಂದ ಎಂಟರಿಂದ ಸೊನ್ನೆ ಕಳೆದು ಎಂಟು ಬರೆದ. ಸೊನ್ನೆಯಿಂದ ಆರು ಹೋಗುವುದಿಲ್ಲ, ಆರು ಬರೆದ. ಐದರಿಂದ ಒಂದು ಹೋಗಿ ನಾಲ್ಕು. ಅಂದರೆ ಇದು ಅಜಾಗರೂಕತೆ ಅಲ್ಲ, ದಡ್ಡತನವೂ ಅಲ್ಲ. ‘ಪ್ರತಿ ಮನೆಯಲ್ಲಿ ದೊಡ್ಡದರಿಂದ ಸಣ್ಣದು ಕಳೆ’ ಎಂಬ ತನ್ನದೇ ನಿಯಮವನ್ನು ಹುಡುಗ ಚಾಚೂ ತಪ್ಪದೆ ಪಾಲಿಸಿದ್ದಾನೆ. 500 ಎಂದರೆ ನಾಲ್ಕು ನೂರು, ಒಂಬತ್ತು ಹತ್ತು, ಹತ್ತು ಬಿಡಿ ಎಂದು ಬಿಡಿಸಬಹುದು ಎಂಬುದು ಮೂರನೆಯ ಇಯತ್ತೆಯಲ್ಲಿ ಅವನಿಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ಆ ವರ್ಷ ಅವನಿಗೆ ಜ್ವರ ಇತ್ತೋ, ಮಾಸ್ತರು ಚುನಾವಣೆ ಕೆಲಸಕ್ಕೆ ಹೋಗಿದ್ದರೋ, ಒಂದೇ ಕೋಣೆಯಲ್ಲಿ ಎರಡು ವರ್ಗ ಕೂಡಿಸಿದ್ದರೋ ಯಾರಿಗೆ ಗೊತ್ತು. ತಪ್ಪು ಉತ್ತರ ಮಾತ್ರ ನಾಲ್ಕು ವರ್ಷದಿಂದ ‘ನಾನು ಇಲ್ಲಿ ಮುರಿದಿದ್ದೇನೆ’ ಎಂದು ಕೂಗುತ್ತಿದೆ. ನಾವು ಅದಕ್ಕೆ ಕೆಂಪು ಪೆನ್ನಿನಿಂದ ಗುಣಾಕಾರದ ಚಿಹ್ನೆ ಹಾಕಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೇವೆ.

ಇದು ನಮ್ಮ ಗಡಿ ಭಾಗದ ಸಮಸ್ಯೆ ಮಾತ್ರ ಎಂದು ತಿಳಿಯಬೇಡಿ. ಪ್ರಥಮ್ ಸಂಸ್ಥೆ ಹೊರತರುವ ‘ಅಸರ್’ ವರದಿ 2023ರಲ್ಲಿ 14ರಿಂದ 18 ವಯಸ್ಸಿನ ಗ್ರಾಮೀಣ ಮಕ್ಕಳಿಗೆ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ ಕೊಟ್ಟಿತ್ತು. ಸರಿಯಾಗಿ ಮಾಡಿದವರು ಶೇಕಡಾ 43.3. ಅಂದರೆ ನೂರರಲ್ಲಿ ಸುಮಾರು ಐವತ್ತೇಳು ಮಕ್ಕಳು ನಾಲ್ಕನೇ ಇಯತ್ತೆಯ ಮಟ್ಟದ ಭಾಗಾಕಾರದಲ್ಲಿ ನಿಂತಿದ್ದಾರೆ, ಆದರೆ ವಯಸ್ಸು ಅವರನ್ನು ಬೀಜಗಣಿತಕ್ಕೆ ಎಳೆದು ತಂದಿದೆ. ಭಾಗಾಕಾರ ಬಾರದವನಿಗೆ ಅಪೂರ್ಣಾಂಕ ಬರುವುದಿಲ್ಲ, ಅಪೂರ್ಣಾಂಕ ಬಾರದವನಿಗೆ ಶೇಕಡಾ ಬರುವುದಿಲ್ಲ, ಗುಣೋತ್ತರ ಬರುವುದಿಲ್ಲ, ಸಮೀಕರಣ ಬಿಡಿಸಲು ಬರುವುದಿಲ್ಲ. ಇತಿಹಾಸದಲ್ಲಿ ಶಿವಾಜಿ ಮಹಾರಾಜರ ಪಾಠ ತಪ್ಪಿದರೂ ಸ್ವಾತಂತ್ರ್ಯ ಚಳವಳಿಯ ಪಾಠ ಓದಬಹುದು. ಗಣಿತದಲ್ಲಿ ಆ ಸವಲತ್ತು ಇಲ್ಲ. ಕೆಳಗಿನ ಮೆಟ್ಟಿಲು ಮುರಿದರೆ ಮೇಲಿನದು ಹತ್ತಲಾಗದು.

2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಎಂಟನೆಯ ತನಕ ಯಾರನ್ನೂ ನಪಾಸು ಮಾಡುವಂತಿರಲಿಲ್ಲ. 2019ರಲ್ಲಿ ಕೇಂದ್ರ ಆ ನಿಯಮ ಸಡಿಲಿಸಿತು, 2023ರಲ್ಲಿ ಮಹಾರಾಷ್ಟ್ರ ಐದನೆ ಮತ್ತು ಎಂಟನೆಗೆ ವಾರ್ಷಿಕ ಪರೀಕ್ಷೆ ತಂದಿತು. ನಪಾಸು ಮಾಡದಿದ್ದದ್ದೇ ತಪ್ಪು ಎಂದು ವಾದಿಸುವವರು ಬಹಳ. ನನಗೇನೋ ಹಾಗನ್ನಿಸುವುದಿಲ್ಲ. ಅದೇ ವರ್ಗದಲ್ಲಿ ಅದೇ ಪಾಠವನ್ನು ಅದೇ ರೀತಿ ಇನ್ನೊಂದು ವರ್ಷ ಕೇಳಿದರೆ 468 ಬರೆದ ಹುಡುಗ 332 ಬರೆಯುತ್ತಾನೆಯೇ? ಎಲ್ಲಿ ಮುರಿದಿದೆ ಎಂದು ನೋಡುವ ಕೆಲಸ ಮೊದಲೂ ಆಗಲಿಲ್ಲ, ಈಗಲೂ ಆಗುತ್ತಿಲ್ಲ.

ಇಪ್ಪತ್ತೈದೋ, ಪಂಚವೀಸೋ

ನಮ್ಮ ಮಕ್ಕಳಿಗೆ ಇನ್ನೊಂದು ಹೆಚ್ಚಿನ ತೊಡಕಿದೆ. ಅವರು ಎರಡು ಭಾಷೆಯಲ್ಲಿ ಎಣಿಸುತ್ತಾರೆ. ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ, ಮೊಬೈಲ್ ನಂಬರು ಹೇಳುವಾಗ ಇಂಗ್ಲಿಷು. ಎಸ್.ಟಿ. ಬಸ್ಸಿನ ಪಾಟಿಯ ಮೇಲೆ ದೇವನಾಗರಿ ಅಂಕಿ ಬೇರೆ.

ಕನ್ನಡದಲ್ಲಿ ಇಪ್ಪತ್ತೈದು ಎನ್ನುವಾಗ ಇಪ್ಪತ್ತು ಮೊದಲು, ಐದು ಆಮೇಲೆ. ಬರೆಯುವುದೂ ಹಾಗೆಯೇ, 2 ಮೊದಲು, 5 ಆಮೇಲೆ. ಮರಾಠಿಯಲ್ಲಿ ಪಂಚವೀಸ, ಐದು ಮೊದಲು. ಸತ್ತೇಚಾಳೀಸ ಎಂದರೆ ಏಳು ಮೊದಲು ಕಿವಿಗೆ ಬೀಳುತ್ತದೆ, ಮಗು 7 ಬರೆದು ಪಕ್ಕದಲ್ಲಿ 4 ಬರೆಯುತ್ತದೆ. ನಲವತ್ತೇಳು ಹೋಗಿ ಎಪ್ಪತ್ನಾಲ್ಕು ಆಯಿತು. ಇನ್ನು ಏಕೋಣಸಾಠ ಎಂದರೆ ಅರವತ್ತಕ್ಕೆ ಒಂದು ಕಡಿಮೆ. ಮಗುವಿನ ಕಿವಿಗೆ ಬೀಳುವುದು ಅರವತ್ತು, ಬರೆಯಬೇಕಾದದ್ದು 59. ಮರಾಠಿ ಮನೆಯ ಮಕ್ಕಳಿಗೂ ಇದು ಕಷ್ಟವೇ.

ಈ ಕಾರಣಕ್ಕೆ ಬಾಲಭಾರತಿಯ ಎರಡನೇ ಇಯತ್ತೆಯ ಗಣಿತ ಪುಸ್ತಕದಲ್ಲಿ 2019ರಲ್ಲಿ ಏಕವೀಸ ಎನ್ನುವುದರ ಜೊತೆಗೆ ‘ವೀಸ ಏಕ’ ಎಂದು ಓದುವ ಪದ್ಧತಿ ತಂದಾಗ ದೊಡ್ಡ ಗದ್ದಲವಾಯಿತು. ವಿಧಾನಸಭೆಯಲ್ಲಿ ಕೂಡ ಅದರ ಮೇಲೆ ಚೇಷ್ಟೆ ನಡೆಯಿತು. ಮರಾಠಿ ಕೆಡಿಸುತ್ತಿದ್ದಾರೆ ಅಂದರು. ಗಣಿತ ಸಮಿತಿಯ ಮುಖ್ಯಸ್ಥರಾಗಿದ್ದವರು 2023ರಲ್ಲಿ ತೀರಿಕೊಂಡ ಗಣಿತಜ್ಞೆ ಮಂಗಲಾ ನಾರಳೀಕರ. ಜೋಡಾಕ್ಷರದ ಭಾರ ಇಲ್ಲದೆ, ಬರೆದ ಕ್ರಮದಲ್ಲೇ ಮಗು ಓದಲಿ ಎಂಬುದು ಅವರ ಸಮಿತಿಯ ಉದ್ದೇಶ. ಆ ಗದ್ದಲ ಓದುವಾಗ ನನಗೆ ನಗು ಬಂದಿತ್ತು. ಅವರು ಹೊಸದಾಗಿ ತರಲು ಹೋದದ್ದು ನಮ್ಮ ಜತ್ತ, ಅಕ್ಕಲಕೋಟದ ಅಜ್ಜಿಯರು ಮೊಮ್ಮಕ್ಕಳಿಗೆ ಮೊದಲಿನಿಂದ ಕಲಿಸುತ್ತಿರುವುದನ್ನೇ. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು.

ಅಂದರೆ ಎಣಿಕೆಯ ಮಟ್ಟಿಗೆ ಕನ್ನಡ ಮಗುವಿಗೆ ಹುಟ್ಟಿನಿಂದಲೇ ಒಂದು ಅನುಕೂಲ ಇದೆ. ನಾವು ಅದನ್ನು ಬಳಸಿಕೊಳ್ಳುತ್ತಿಲ್ಲ. ಮೊದಲ ಎರಡು ಮೂರು ವರ್ಷ ಎಣಿಕೆ, ಕೂಡುವುದು, ಕಳೆಯುವುದು ಗಟ್ಟಿಯಾಗಿ ಕನ್ನಡದಲ್ಲಿ ಆಗಲಿ. ನೂರರ ತನಕ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಂತಾಗಲಿ. ಆಮೇಲೆ ಮರಾಠಿ ಸಂಖ್ಯೆ ಆಟದಂತೆ ಬರುತ್ತವೆ. ನಾವು ಮಾಡುತ್ತಿರುವುದು ಉಲ್ಟಾ. ಮುಂದೆ ಅನುಕೂಲ ಆಗಲಿ ಎಂದು ಒಂದನೆಯಿಂದಲೇ ಮರಾಠಿ, ಇಲ್ಲವೇ ಇಂಗ್ಲಿಷ್ ಶಾಲೆಗೆ ಹಾಕುತ್ತೇವೆ. ಮಗು ಎಣಿಕೆಯನ್ನೂ ಕಲಿಯಬೇಕು, ಎಣಿಕೆಯ ಭಾಷೆಯನ್ನೂ ಕಲಿಯಬೇಕು. ಎರಡೂ ಅರ್ಧ ಆಗುತ್ತವೆ. ನಾನು ಮರಾಠಿಯ ವಿರೋಧಿ ಅಲ್ಲ, ನನ್ನ ಹೊಟ್ಟೆಪಾಡಿನ ಅರ್ಧ ಮರಾಠಿಯಲ್ಲೇ ನಡೆಯುತ್ತದೆ. ಮೊದಲು ಯಾವುದು, ಆಮೇಲೆ ಯಾವುದು ಎಂಬುದಷ್ಟೇ ಮಾತು.

ಕನ್ನಡದಲ್ಲಿ ಗಣಿತ ಆಗುತ್ತದೆಯೇ ಎಂದು ಕೇಳುವ ಪಾಲಕರೂ ಇದ್ದಾರೆ. 12ನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ ‘ವ್ಯವಹಾರಗಣಿತ’ ಬರೆದಿದ್ದಾನೆ. ಹೆಸರೇ ವ್ಯವಹಾರದ್ದು. ನಮ್ಮ ಕಾಮರ್ಸ್‌ನವರಿಗೆ ಹಿರಿಯಣ್ಣ ಇದ್ದ ಹಾಗೆ.

‘ಸಾಲ’ ಎಂದರೆ ವರ್ಷ

ಶಬ್ದದ ತೊಡಕು ದೊಡ್ಡ ವರ್ಗಗಳಲ್ಲಿ ಇನ್ನೂ ಹೆಚ್ಚುತ್ತದೆ. ಮರಾಠಿಯ ಬಡ್ಡಿ ಲೆಕ್ಕದಲ್ಲಿ ‘ದ.ಸಾ.ದ.ಶೇ.’ ಎಂದು ಬರೆದಿರುತ್ತದೆ. ಬಿಡಿಸಿದರೆ ದರಸಾಲ ದರಶೇಕಡಾ, ಅಂದರೆ ಪ್ರತಿ ವರ್ಷ ಪ್ರತಿ ನೂರಕ್ಕೆ. ಮರಾಠಿಯಲ್ಲಿ ಸಾಲ ಎಂದರೆ ವರ್ಷ. ನಮ್ಮ ಹುಡುಗನ ಮನೆಯಲ್ಲಿ ಸಾಲ ಎಂದರೆ ಸಾವಕಾರನ ಹತ್ತಿರ ತಂದದ್ದು. ಲೆಕ್ಕವೂ ಸಾಲದ್ದೇ! ಮುದ್ದಲ, ಅಸಲು, ಪ್ರಿನ್ಸಿಪಲ್, ಮೂರೂ ಒಂದೇ ಎಂದು ಯಾರಾದರೂ ಒಮ್ಮೆ ಹೇಳಿದರೆ ಅರ್ಧ ಭಯ ಹೋಗುತ್ತದೆ. ನಫಾ ಅಂದರೆ ಲಾಭ, ತೋಟಾ ಅಂದರೆ ಲುಕ್ಸಾನು. ಈ ‘ತೋಟಾ’ ಕೂಡ ಮೊದಲು ಕೇಳಿದ ನಮ್ಮ ಮಗುವಿಗೆ ದ್ರಾಕ್ಷಿ ತೋಟವೇ. ಲಸಾವಿ ಎಂದರೆ ಲ.ಸಾ.ಅ., ತ್ರಿಕೋಣ ಎಂದರೆ ತ್ರಿಭುಜ, ವರ್ತುಳ ಎಂದರೆ ವೃತ್ತ, ಕಾಟಕೋನ ಎಂದರೆ ಲಂಬಕೋನ.

ಪುಸ್ತಕ ಕನ್ನಡದ್ದೇ ಇರುತ್ತದೆ, ಬಾಲಭಾರತಿ ಕನ್ನಡ ಮಾಧ್ಯಮಕ್ಕೂ ಪುಸ್ತಕ ಮಾಡುತ್ತದೆ. ಆದರೆ ಕಲಿಸುವವರು ಮರಾಠಿಯವರಾಗಿದ್ದರೆ? ಕನ್ನಡ ಶಾಲೆಗೆ ಕನ್ನಡ ಬಾರದ ಶಿಕ್ಷಕರನ್ನು ಹಾಕುವ ಬಗ್ಗೆ ಜತ್ತದಲ್ಲಿ ತಕರಾರು ಎದ್ದಿದೆ. ಕಾಸರಗೋಡಿನಲ್ಲಿ ಮಲಯಾಳಂ ಶಿಕ್ಷಕರ ವಿಚಾರವಾಗಿ ಮಕ್ಕಳು, ಪಾಲಕರು ಬೀದಿಗೆ ಇಳಿದದ್ದೂ ಹಲವು ಸಲ. ಸಂಖ್ಯೆಗೆ ಭಾಷೆ ಎಲ್ಲಿದೆ, ಗಣಿತವನ್ನು ಯಾರು ಕಲಿಸಿದರೇನು ಎಂದು ಅಧಿಕಾರಿಗಳು ಅನ್ನುವುದುಂಟು. ಅವರಿಗೆ ಒಂದು ಮಾತು. ಗಣಿತದ ಪರೀಕ್ಷೆಯಲ್ಲಿ ಸಂಖ್ಯೆಗಿಂತ ಮೊದಲು ವಾಕ್ಯ ಬರುತ್ತದೆ. ‘ಒಬ್ಬ ವ್ಯಾಪಾರಿ ಒಂದು ವಸ್ತುವನ್ನು ಶೇಕಡಾ 10 ರಿಯಾಯಿತಿಯಲ್ಲಿ ಮಾರಿದರೂ...’ ಎಂಬ ವಾಕ್ಯದಲ್ಲಿ ‘ಮಾರಿದರೂ’ ಮತ್ತು ‘ಮಾರಿದರೆ’ ಎರಡರ ವ್ಯತ್ಯಾಸ ತಿಳಿಸುವವರು ಬೇಕು.

ಇನ್ನು ಈ ಲೆಕ್ಕ ಬಾರದಿದ್ದರೆ ಹೋಗುವುದು ಬರೀ ಅಂಕವಲ್ಲ. ನಮ್ಮೂರುಗಳಲ್ಲಿ ಕೈಗಡದ ಬಡ್ಡಿಯನ್ನು ‘ಶೇಕಡಾ ಮೂರು’ ಎಂದು ಹೇಳುತ್ತಾರೆ. ಕೇಳಲು ಬ್ಯಾಂಕಿಗಿಂತ ಅಗ್ಗ. ಆದರೆ ಅದು ತಿಂಗಳಿಗೆ ಮೂರು, ವರ್ಷಕ್ಕೆ ಮೂವತ್ತಾರು. ಇಪ್ಪತ್ತು ಸಾವಿರ ತಂದರೆ ತಿಂಗಳಿಗೆ 600, ವರ್ಷಕ್ಕೆ 7,200, ಮೂರು ವರ್ಷಕ್ಕೆ 21,600. ಬಡ್ಡಿಯೇ ಅಸಲನ್ನು ದಾಟಿತು, ಅಸಲು ಹಾಗೇ ಕೂತಿದೆ. ಸಾತಬಾರಾ ಉತಾರೆಯಲ್ಲಿ ಹೊಲ ಹೆಕ್ಟೇರ್-ಆರ್ ಲೆಕ್ಕದಲ್ಲಿ ಇರುತ್ತದೆ. 0.81 ಎಂದರೆ 81 ಆರ್, ಸುಮಾರು ಎರಡು ಎಕರೆ. 0.80 ಬದಲು 0.08 ಎಂದು ಬಿದ್ದರೆ ಎಪ್ಪತ್ತೊಂಬತ್ತು ಗುಂಟೆ ಹೋಗಿ ಎಂಟು ಗುಂಟೆ ಆಗುತ್ತದೆ. ದಶಾಂಶ ಚಿಹ್ನೆಯ ಪಾಠವನ್ನು ‘ಇಂಪಾರ್ಟೆಂಟ್ ಅಲ್ಲ’ ಎಂದು ಬಿಟ್ಟವರಿಗೆ ಇದು ಕಾಣುವುದಿಲ್ಲ. ಟೋಳಿಯ ಮುಕಾದಮನ ಹತ್ತಿರ ಉಚಲ ತಂದವರು ಟನ್ನಿಗೆ ಇಷ್ಟು ಎಂದು ಕಡಿದು ತೀರಿಸಬೇಕು. ಟನ್ನಿಗೆ 350 ಹಿಡಿದರೆ ಎಪ್ಪತ್ತು ಸಾವಿರ ತೀರಲು 200 ಟನ್ ಕಡಿಯಬೇಕು. ನಡುವೆ ಊಟದ ಖರ್ಚು, ಆಸ್ಪತ್ರೆ ಖರ್ಚು ಕಳೆದು ಎಷ್ಟು ಟನ್ ಉಳಿಯಿತು ಎಂಬುದನ್ನು ಮುಕಾದಮನ ವಹಿ ಹೇಳುತ್ತದೆ. ಆ ವಹಿಯನ್ನು ಓದುವವರು ಮನೆಯಲ್ಲಿ ಒಬ್ಬರು ಬೇಕಲ್ಲ.

2024ರಲ್ಲಿ ಮಹಾರಾಷ್ಟ್ರದ ರಾಜ್ಯ ಪಠ್ಯಕ್ರಮ ಚೌಕಟ್ಟಿನಲ್ಲಿ ಹತ್ತನೆಯ ಗಣಿತ ಮತ್ತು ವಿಜ್ಞಾನಕ್ಕೆ ಪಾಸಾಗುವ ಅಂಕವನ್ನು 35ರಿಂದ 20ಕ್ಕೆ ಇಳಿಸುವ ಪ್ರಸ್ತಾವ ಬಂತು. ಅಷ್ಟು ಪಡೆದವರು ಮುಂದೆ ಹೋಗಬಹುದು, ಆದರೆ ಗಣಿತ, ವಿಜ್ಞಾನದ ಕಡೆ ಹೋಗುವಂತಿಲ್ಲ ಎಂಬ ಶೆರಾ ಗುಣಪತ್ರಿಕೆಯ ಮೇಲೆ ಇರುತ್ತದೆ ಎಂಬ ಮಾತಿತ್ತು. ಓದಿದಾಗ ಅರ್ಧ ನಿಮಿಷ ಖುಷಿಯಾಯಿತು. ಗಣಿತ ಒಂದರಿಂದ ಮನೆ ಸೇರುವ ಆ ಹುಡುಗಿ ಆರ್ಟ್ಸಿಗಾದರೂ ಹೋಗುತ್ತಾಳಲ್ಲ ಎಂದು. ಆಮೇಲೆ ಯೋಚಿಸಿದೆ. ಪೇಟೆಯ ಮಗುವಿಗೆ ಟ್ಯೂಷನ್ ಇದೆ, ಅದು 35 ದಾಟುತ್ತದೆ. ಶೆರಾ ಬೀಳುವುದು ಗಣಿತ ಶಿಕ್ಷಕರೇ ಇಲ್ಲದ ಶಾಲೆಯ ಮಗುವಿನ ಮೇಲೆ. ಶಾಲೆಯ ಕೊರತೆಯನ್ನು ಮಗುವಿನ ಗುಣಪತ್ರಿಕೆಯಲ್ಲಿ ಬರೆದಂತೆ. ಆ ಹುಡುಗಿಯನ್ನು ತಡೆಯದಿರುವುದು ಸರಿ, ಶೆರಾ ಹೊಡೆಯುವುದು ಸರಿಯಲ್ಲ. ಎರಡರಿಂದಲೂ 468 ಮಾತ್ರ 332 ಆಗುವುದಿಲ್ಲ.

ಹಿಂದಕ್ಕೆ ಹೋಗಬೇಕು

ಹಾಗಾದರೆ ಮಾಡುವುದೇನು? ಪಾಲಕರು ಸಾಮಾನ್ಯವಾಗಿ ಒಂಬತ್ತನೆಯ ಕೊನೆಗೆ ಎಚ್ಚರಾಗುತ್ತಾರೆ. ಹತ್ತನೆಯ ಟ್ಯೂಷನ್ ಹಚ್ಚುತ್ತಾರೆ. ಟ್ಯೂಷನ್ನಿನಲ್ಲಿ ವರ್ಗಸಮೀಕರಣ ನಡೆಯುತ್ತಿರುತ್ತದೆ. ಹುಡುಗನಿಗೆ ಅಪೂರ್ಣಾಂಕ ಕೂಡಿಸಲು ಬರುವುದಿಲ್ಲ. ಫೀ ಹೋಗುತ್ತದೆ, ಸಂಜೆ ಹೋಗುತ್ತದೆ, ‘ನನಗ ಬರೂದಿಲ್ಲ’ ಎಂಬುದು ಇನ್ನೂ ಗಟ್ಟಿಯಾಗುತ್ತದೆ. ಹಿಂದೆ ಬಿದ್ದ ಮಗುವನ್ನು ಮುಂದಕ್ಕೆ ಎಳೆದರೆ ಆಗುವುದು ಇಷ್ಟೇ. ಅದನ್ನು ಕೈಹಿಡಿದು ಹಿಂದಕ್ಕೆ, ಮುರಿದ ಜಾಗಕ್ಕೆ ಕರೆದುಕೊಂಡು ಹೋಗಬೇಕು. ಒಂಬತ್ತನೆಯ ಹುಡುಗನ ಕೈಯಲ್ಲಿ ನಾಲ್ಕನೆಯ ಪುಸ್ತಕ ಕೊಡಲು ನಾಚಿಕೆ ಪಡಬೇಡಿ. ಹುಡುಗ ನಾಚಿದರೆ ತಮ್ಮನಿಗೆ ಕಲಿಸುವ ನೆಪ ಮಾಡಿ ಕೊಡಿ. ಕಲಿಸುತ್ತ ಕಲಿಯುವುದು ಬಹಳ ಚೊಲೋ ಉಪಾಯ.

ಮುರಿದ ಜಾಗ ಹುಡುಕಲು ತಜ್ಞರು ಬೇಕಿಲ್ಲ. ಅಸರ್‌ನವರು ಹಳ್ಳಿ ಹಳ್ಳಿಯಲ್ಲಿ ಮಾಡುವ ಪರೀಕ್ಷೆ ಒಂದೇ ಹಾಳೆಯದು. ಒಂದಂಕಿ ಗುರುತಿಸು, ಎರಡಂಕಿ ಗುರುತಿಸು, ಹತ್ತು ತಗೊಂಡು ಕಳೆಯುವ ಎರಡು ಲೆಕ್ಕ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವ ಒಂದು ಲೆಕ್ಕ. ಸಂಜೆ ರೊಟ್ಟಿ ಬಡಿಯುವ ಹೊತ್ತಿಗೆ ತಾಯಿ ಪಕ್ಕದಲ್ಲಿ ಕೂಡಿಸಿಕೊಂಡು ಕನ್ನಡದಲ್ಲೇ ಕೇಳಬಹುದು. ಉತ್ತರ ತಪ್ಪಾದರೆ ಹೊಡೆಯಬೇಡಿ, ಬಯ್ಯಬೇಡಿ, ‘ಹೆಂಗ ಮಾಡಿದಿ, ಹೇಳ’ ಅನ್ನಿ. ಮಗು ತನ್ನ ಬಾಯಿಂದ ಹೇಳುವಾಗಲೇ ಗಂಟು ಎಲ್ಲಿದೆ ಕಾಣುತ್ತದೆ. ನೂರರ ನೋಟು, ಹತ್ತರ ನೋಟು, ರೂಪಾಯಿ ಚಿಲ್ಲರ ಮುಂದಿಟ್ಟು ಒಂದು ನೂರನ್ನು ಮುರಿಸಿ ಹತ್ತು ಹತ್ತು ಮಾಡಿಸಿ. ಅಂಗಡಿಯ ಹುಡುಗನಿಗೆ ನಾನು ಮಾಡಿದ್ದೂ ಅಷ್ಟೇ. ಐದು ನೋಟಿನಲ್ಲಿ ಒಂದನ್ನು ಮುರಿಸಿದೆ, ಹತ್ತರ ನೋಟಿನಲ್ಲಿ ಒಂದನ್ನು ಮುರಿಸಿದೆ, ಆಮೇಲೆ ವಹಿಯಲ್ಲಿ ಬರೆಸಿದೆ. ‘ಹಂಗಾರ ಸಾಲ್ಯಾಂದು ಅಂಗಡ್ಯಾಂದು ಎರಡೂ ಒಂದ ಏನ್ರೀ?’ ಅಂದ. ಅವನ ಮುಖ ನೋಡಬೇಕಿತ್ತು.

ಅಪೂರ್ಣಾಂಕಕ್ಕೂ ಹೀಗೆಯೇ. ಅರ್ಧಕ್ಕೆ ಮೂರನೇ ಒಂದು ಕೂಡಿಸು ಎಂದರೆ ಮಕ್ಕಳು ಮೇಲಿಂದು ಮೇಲೆ, ಕೆಳಗಿಂದು ಕೆಳಗೆ ಕೂಡಿಸಿ ಐದನೇ ಎರಡು ಎಂದು ಬರೆಯುತ್ತಾರೆ. ತಪ್ಪು ಎಂದು ಹೇಳುವ ಬದಲು ರೊಟ್ಟಿ ತೋರಿಸಿ. ಅರ್ಧ ರೊಟ್ಟಿ ತಿಂದ ಮೇಲೆ ಇನ್ನಷ್ಟು ತಿಂದಿ, ಒಟ್ಟು ಅರ್ಧಕ್ಕಿಂತ ಕಡಿಮೆ ಹೆಂಗಾತು? ಆಗ ಎರಡನ್ನೂ ಆರಾರು ತುಣುಕು ಮಾಡಿ ನೋಡಬೇಕು ಎಂಬುದು ತಾನಾಗಿಯೇ ಬರುತ್ತದೆ. ಅರ್ಧ ಎಂದರೆ ಮೂರು ತುಣುಕು, ಮೂರನೇ ಒಂದು ಎಂದರೆ ಎರಡು ತುಣುಕು, ಆರರಲ್ಲಿ ಐದು. ಲ.ಸಾ.ಅ. ಎಂಬ ಭಾರೀ ಹೆಸರಿನ ಹಿಂದೆ ಇರುವುದು ಇಷ್ಟೇ.

ನಮ್ಮ ಹಿರಿಯರ ಹತ್ತಿರ ಇನ್ನೊಂದು ಆಸ್ತಿ ಇದೆ. ನಾಲ್ಕನೆಯ ತನಕ ಓದಿದ ಅಜ್ಜಂದಿರು ಈಗಲೂ ಪಾವಕಿ, ನಿಮಕಿ, ಸವಾಯಕಿ, ದೀಡಕಿ, ಅಡೀಚಕಿ ಮಗ್ಗಿ ಹೇಳುತ್ತಾರೆ. ಕಾಲು, ಅರ್ಧ, ಒಂದೂಕಾಲು, ಒಂದೂವರೆ, ಎರಡೂವರೆಯ ಮಗ್ಗಿಗಳು. ಏಳು ದೀಡಕಿ ಎಂದರೆ ಬಾಯಿಂದ ‘ಸಾಡೇದಹಾ’ ಹೊರಬರುತ್ತದೆ, ಹತ್ತೂವರೆ. ಈಗಿನ ಮಗುವಿಗೆ 7 ಗುಣಿಲೆ 1.5 ಕೊಟ್ಟರೆ ಬಿಂದು ಎಲ್ಲಿಡಬೇಕು ಎಂದು ತಡಕಾಡುತ್ತದೆ. ಎಲ್ಲ ಬಾಯಿಪಾಠ ಮಾಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಮಾಡಗ್ಯಾಳದ ಕುರಿ ಬಜಾರದಲ್ಲಿ, ದುಧನಿಯ ಅಡತಿಯಲ್ಲಿ ಈ ಲೆಕ್ಕ ಬಾಯಲ್ಲೇ ನಡೆಯುತ್ತದೆ. ಮೊಮ್ಮಗನನ್ನು ಒಂದು ದಿನ ಜೊತೆಗೆ ಕರೆದೊಯ್ದು, ಮೂರೂವರೆ ಕಿಲೋ ಅರವತ್ತರಂತೆ ಎಷ್ಟಾಯಿತು, ನೀ ಹೇಳು ಎಂದರೆ ಅದೂ ಪಾಠವೇ. ಮೂರು ಅರವತ್ತು ನೂರಾ ಎಂಬತ್ತು, ಅರ್ಧ ಮೂವತ್ತು, ಇನ್ನೂರಾ ಹತ್ತು.

ಹತ್ತು ತಗೊಂಡು ಕಳೆಯುವುದು ರೂಢಿಯಾಗಲು ಒಂದು ಆಟ ಹೇಳುತ್ತೇನೆ. ನಾಸಿಕ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮಾಸ್ತರಾಗಿದ್ದ ಡಿ.ಆರ್. ಕಾಪ್ರೇಕರ 1949ರಲ್ಲಿ ಕಂಡುಹಿಡಿದದ್ದು. ಎಲ್ಲವೂ ಒಂದೇ ಅಲ್ಲದ ನಾಲ್ಕು ಅಂಕಿ ತಗೊಳ್ಳಿ, 3524 ಅನ್ನೋಣ. ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿ 5432, ಸಣ್ಣದರಿಂದ ದೊಡ್ಡದಕ್ಕೆ 2345. ಕಳೆಯಿರಿ, 3087. ಮತ್ತೆ ಹಾಗೆಯೇ, 8730ರಿಂದ 0378 ಹೋದರೆ 8352. ಮತ್ತೆ, 8532ರಿಂದ 2358 ಹೋದರೆ 6174. ಇನ್ನು ಎಷ್ಟು ಸಲ ಮಾಡಿದರೂ 6174ರಲ್ಲೇ ನಿಲ್ಲುತ್ತದೆ. ಯಾವ ನಾಲ್ಕು ಅಂಕಿ ತಗೊಂಡರೂ ಏಳು ಸಲದೊಳಗೆ ಇಲ್ಲಿಗೆ ಬರಲೇಬೇಕು. ಬರದಿದ್ದರೆ ಎಲ್ಲೋ ಕಳೆಯುವುದರಲ್ಲಿ ತಪ್ಪಿದೆ ಎಂದು ಮಗುವಿಗೇ ಗೊತ್ತಾಗುತ್ತದೆ, ಮಾಸ್ತರ ಕೆಂಪು ಪೆನ್ನು ಬೇಕಿಲ್ಲ. ಗಾಡಿಯ ನಂಬರು ನೋಡಿ ಆಡಲು ಶುರು ಮಾಡಿದ ಮಕ್ಕಳನ್ನು ನಿಲ್ಲಿಸುವುದೇ ಕಷ್ಟ.

ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ದಿನಾ ಆಗಬೇಕು. ರವಿವಾರ ಮೂರು ತಾಸು ಕೂಡಿಸಿದರೆ ಸೋಮವಾರಕ್ಕೆ ಅರ್ಧ ಮರೆತಿರುತ್ತದೆ. ಬಿಡಿಸಿದ ಲೆಕ್ಕವನ್ನು ನೋಡಿ ‘ತಿಳೀತು’ ಅನ್ನುವುದು ಮೋಸ. ಪುಸ್ತಕ ಮುಚ್ಚಿ ಅದನ್ನೇ ಮತ್ತೆ ಬಿಡಿಸಿದರೆ ತಿಳಿಯಿತು ಎಂದು ಅರ್ಥ. ಈಗಾಗಲೇ ಹತ್ತನೆಯಲ್ಲಿ ಇರುವವರಿಗೂ ದಾರಿ ಇದೆ. ಬೀಜಗಣಿತ 40, ಭೂಮಿತಿ 40, ಶಾಲೆಯ ಆಂತರಿಕ ಅಂಕ 20. ಎರಡು ತಿಂಗಳು ಬರೀ ಅಪೂರ್ಣಾಂಕ, ಋಣ ಸಂಖ್ಯೆ, ಸರಳ ಸಮೀಕರಣಕ್ಕೆ ಕೊಟ್ಟರೆ ಆ ಎರಡು ಪೇಪರಿನ ಅರ್ಧ ಬಾಗಿಲು ತೆರೆಯುತ್ತದೆ. ಪ್ರಮೇಯಗಳನ್ನು ಅರ್ಥವಿಲ್ಲದೆ ಬಾಯಿಪಾಠ ಮಾಡುವ ಹೊತ್ತನ್ನು ಆಕೃತಿ ತೆಗೆಯಲು ಕೊಡಿ.

ಶಾಲೆಗಳು ಮಾಡಬೇಕಾದದ್ದು ಎರಡು ಮಾತು. ಮೊದಲನೆಯದು ಖರ್ಚಿಲ್ಲದ್ದು. ಐದನೆಯಿಂದ ಎಂಟನೆಯ ಮಕ್ಕಳನ್ನು ದಿನಕ್ಕೆ ಒಂದು ತಾಸು ಇಯತ್ತೆ ಬಿಟ್ಟು ಮಟ್ಟ ನೋಡಿ ಕೂಡಿಸಿ. ಕಳೆಯಲು ಬಾರದವರು ಒಂದು ಕಡೆ, ಭಾಗಿಸಲು ಬಾರದವರು ಒಂದು ಕಡೆ. ಪ್ರಥಮ್ ಸಂಸ್ಥೆ ದೇಶದ ಹಲವು ಕಡೆ ಇದನ್ನು ಮಾಡಿದೆ. ಒಂದೇ ಮಾಸ್ತರ ಇರುವ ಶಾಲೆಯಲ್ಲಿ ಕೂಡ ದೊಡ್ಡ ಮಕ್ಕಳನ್ನು ಹಚ್ಚಿ ಮಾಡಬಹುದು. ಎರಡನೆಯದು, ಪ್ರತಿ ಕನ್ನಡ ಶಾಲೆಯ ಗೋಡೆಯ ಮೇಲೆ ಗಣಿತದ ಶಬ್ದಗಳ ಪಟ್ಟಿ, ಕನ್ನಡ, ಮರಾಠಿ, ಇಂಗ್ಲಿಷು ಮೂರರಲ್ಲಿ. ಹನ್ನೊಂದನೆಗೆ ಹೋದ ನಮ್ಮ ಮಗು ಇದ್ದಕ್ಕಿದ್ದಂತೆ ಇಂಗ್ಲಿಷಿನಲ್ಲಿ ಗಣಿತ, ಅಕೌಂಟನ್ಸಿ ಕೇಳಬೇಕಾಗುತ್ತದೆ. ಮೊದಲ ಮೂರು ತಿಂಗಳಲ್ಲೇ ಎಷ್ಟೋ ಜನ ಕಾಲೇಜು ಬಿಡುವುದು ಅಲ್ಲೇ. ಲೆಕ್ಕ ಬಂದಿರುತ್ತದೆ, ಹೆಸರು ಗೊತ್ತಿರುವುದಿಲ್ಲ. ನಾನೂ ಡೆಬಿಟ್ ಕ್ರೆಡಿಟ್ ತಿಳಿದದ್ದು ಮನೆಯ ಖಾತೆ ಪುಸ್ತಕದ ‘ಜಮಾ’ ‘ನಾವೆ’ ಎಂದು ತಂದೆಯವರು ಬಿಡಿಸಿ ಹೇಳಿದ ಮೇಲೆಯೇ. ನಮ್ಮ ಕನ್ನಡ ಸಂಘಟನೆಗಳು ರಾಜ್ಯೋತ್ಸವಕ್ಕೆ ಹಾಕುವ ಒಂದು ಬ್ಯಾನರಿನ ಖರ್ಚಿನಲ್ಲಿ ಇಂಥ ಪಟ್ಟಿ ಒಂದಿಷ್ಟು ಶಾಲೆಗಳಿಗೆ ಮುದ್ರಿಸಿ ಕೊಡಬಹುದು.

ಇನ್ನು ಸರ್ಕಾರದ ಕಡೆಯಿಂದ ಬೇಕಾದದ್ದು ಕನ್ನಡ ಬಲ್ಲ ಗಣಿತ ಶಿಕ್ಷಕರು. ಅದನ್ನು ಕೇಳುತ್ತಲೇ ಇರಬೇಕು, ಗಟಶಿಕ್ಷಣಾಧಿಕಾರಿಗಳ ಕಚೇರಿಗೆ ಶಾಲಾ ವ್ಯವಸ್ಥಾಪನ ಸಮಿತಿಯ ಠರಾವು ಬರೆದು ಕಳಿಸುತ್ತಲೇ ಇರಬೇಕು. ಆದರೆ ಆ ನೇಮಕ ಆಗುವ ತನಕ ಈ ವರ್ಷದ ಮೂರನೆಯ ಮಗು ಕಾಯುವುದಿಲ್ಲ, ನಾಲ್ಕನೆಗೆ ಹೋಗಿಬಿಡುತ್ತದೆ.

ದೀಪಾವಳಿ ಹೊತ್ತಿಗೆ ಟೋಳಿಗಳ ಟ್ರ್ಯಾಕ್ಟರು ಊರಿಗೆ ಬರುತ್ತವೆ, ಮಕ್ಕಳೂ ಅಪ್ಪ ಅವ್ವನ ಜೊತೆ ಹತ್ತುತ್ತಾರೆ. ಅವರು ತಿರುಗಿ ಬರುವುದು ಬೇಸಿಗೆಗೆ, ಅಷ್ಟರಲ್ಲಿ ಕಳೆಯುವ ಪಾಠವೂ ಭಾಗಿಸುವ ಪಾಠವೂ ಮುಗಿದಿರುತ್ತವೆ. ಹಾಳೆಯ ಆ ಒಂದು ಪರೀಕ್ಷೆಯನ್ನು ಮಾಸ್ತರುಗಳು ಅದಕ್ಕೆ ಮೊದಲೇ, ಮೊದಲ ಸತ್ರದೊಳಗೆ, ಮಾಡಿ ಮುಗಿಸಲಿ. ಯಾವ ಮಗು ಎಲ್ಲಿ ನಿಂತಿದೆ ಎಂದು ಒಂದು ಚೀಟಿ ಬರೆದು ಪಾಲಕರ ಕೈಗೆ ಕೊಡಲಿ. ಫಡದ ಹತ್ತಿರ ಶಾಲೆ ಇದ್ದರೆ ಅಲ್ಲಿಯ ಮಾಸ್ತರಿಗೆ ತೋರಿಸಲು ಬರುತ್ತದೆ, ಇಲ್ಲದಿದ್ದರೆ ಕೊಪ್ಪಿಯಲ್ಲಿ ಸಂಜೆ ಅಕ್ಕ ತಮ್ಮನನ್ನು ಕೂಡಿಸಿಕೊಂಡು ಎಲ್ಲಿಂದ ಶುರು ಮಾಡಬೇಕು ಎಂಬುದಾದರೂ ಗೊತ್ತಿರುತ್ತದೆ.